ಕೃಷಿ ಯಂತ್ರೋಪಕರಣಗಳ ಸುರಕ್ಷತೆ (ವಿಜಯಪುರ ಜಿಲ್ಲೆ)

ಕೃಷಿ ಯಂತ್ರೋಪಕರಣಗಳ ಸುರಕ್ಷತೆ ಎಂದರೆ ಟ್ರ್ಯಾಕ್ಟರ್, ಒಕ್ಕಣೆ ಯಂತ್ರ, ಮೇವು ಕತ್ತರಿಸುವ ಯಂತ್ರ, ಪಂಪ್‌ಸೆಟ್ ಮೊದಲಾದವುಗಳೊಂದಿಗೆ ದುಡಿಯುವವರ ಜೀವಕ್ಕೂ ಅಂಗಾಂಗಗಳಿಗೂ ಹಾನಿಯಾಗದಂತೆ ಕೈಗೊಳ್ಳುವ ಕ್ರಮಗಳ ಒಟ್ಟು ಹೆಸರು. ಈ ಲೇಖನವು ಕರ್ನಾಟಕದ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದಲ್ಲಿ ಬಳಕೆಯಲ್ಲಿರುವ ಯಂತ್ರಗಳು, ಅವುಗಳಿಂದ ಒದಗುವ ಅಪಾಯಗಳು, ಮುಂಜಾಗ್ರತೆಯ ಕ್ರಮಗಳು ಹಾಗೂ ಸಂಬಂಧಪಟ್ಟ ಕಾನೂನುಗಳನ್ನು ಕುರಿತದ್ದಾಗಿದೆ.

ಯಂತ್ರದ ವೇಗ ಮನುಷ್ಯನ ಪ್ರತಿಕ್ರಿಯೆಯ ವೇಗಕ್ಕಿಂತ ಹೆಚ್ಚು. ಆದ್ದರಿಂದ ಕೇವಲ ಎಚ್ಚರಿಕೆಯಿಂದ ಇರುವುದು ಸಾಕಾಗುವುದಿಲ್ಲ. ತಿರುಗುವ ಭಾಗಗಳಿಗೆ ಮುಚ್ಚಳ ಇರುವುದು ಮತ್ತು ಯಂತ್ರವನ್ನು ಪೂರ್ತಿ ನಿಲ್ಲಿಸಿದ ನಂತರವೇ ಅದಕ್ಕೆ ಕೈ ಹಾಕುವುದು ಕೃಷಿ ಸುರಕ್ಷತೆಯ ಎರಡು ಮೂಲ ನಿಯಮಗಳೆಂದು ಪರಿಗಣಿಸಲಾಗಿದೆ.

ಹಿನ್ನೆಲೆ

1997ರಲ್ಲಿ ಬಾಗಲಕೋಟೆ ಜಿಲ್ಲೆ ಪ್ರತ್ಯೇಕಗೊಂಡ ನಂತರ ಅಂದಿನ ಬಿಜಾಪುರ ಜಿಲ್ಲೆಯಲ್ಲಿ ಜಿಲ್ಲಾ ಕೇಂದ್ರದ ತಾಲ್ಲೂಕಿನ ಜೊತೆಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳು ಉಳಿದವು. ಮುಂದೆ ಇವುಗಳಿಂದ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಮೊದಲಾದ ಹೊಸ ತಾಲ್ಲೂಕುಗಳು ರಚನೆಯಾದವು. ಉತ್ತರದಲ್ಲಿ ಭೀಮಾ, ದಕ್ಷಿಣದಲ್ಲಿ ಕೃಷ್ಣಾ, ನಡುವೆ ಡೋಣಿ ನದಿಗಳು ಹರಿಯುವ ಈ ಸೀಮೆಯ ಬಹುಭಾಗ ಎರೆ ಭೂಮಿ. ಹಿಂಗಾರಿ ಜೋಳ, ಕಡಲೆ, ತೊಗರಿ, ಗೋಧಿ, ಸೂರ್ಯಕಾಂತಿ ಇಲ್ಲಿನ ಮುಖ್ಯ ಬೆಳೆಗಳು. ಇಂಡಿ ಭಾಗದ ಲಿಂಬೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. 1964ರ ಮೇ 22ರಂದು ಶಂಕುಸ್ಥಾಪನೆಯಾದ ಆಲಮಟ್ಟಿ ಅಣೆಕಟ್ಟು ಹಾಗೂ ನಾರಾಯಣಪುರದ ಬಸವಸಾಗರದಿಂದ ಹೊರಟ ಕಾಲುವೆಗಳು ಮತ್ತು ಏತ ನೀರಾವರಿ ಯೋಜನೆಗಳು ನೀರು ತಲುಪಿಸಿದ ಕಡೆಗಳಲ್ಲಿ ಕಬ್ಬು ಮತ್ತು ಮೆಕ್ಕೆಜೋಳದ ಬೇಸಾಯ ವಿಸ್ತರಿಸಿತು.

ಹಿಂದೆ ಈ ಭಾಗದಲ್ಲಿ ನೆಲವನ್ನು ಗಟ್ಟಿಗೊಳಿಸಿ ಕಣ ಮಾಡಿ, ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸುತ್ತ ಹೂಡಿ ತೆನೆ ತುಳಿಸಲಾಗುತ್ತಿತ್ತು. ಇದನ್ನು ಹಂತಿ ಎನ್ನುತ್ತಾರೆ. ಆ ಸಂದರ್ಭದಲ್ಲಿ ಹಾಡುವ ಹಾಡುಗಳಿಗೆ ಹಂತಿ ಪದಗಳೆಂದು ಹೆಸರು. ಹಂತಿಯ ಎತ್ತು ಕೂಗಿಗೆ ನಿಲ್ಲುತ್ತದೆ, ಮಗು ಅಡ್ಡ ಬಂದರೆ ಹೆಜ್ಜೆ ತಡೆಯುತ್ತದೆ. ಹಂತಿಯ ಸ್ಥಾನಕ್ಕೆ ರಾಶಿ ಯಂತ್ರ ಬಂದರೂ ಕಣದ ಸುತ್ತಲಿನ ರೂಢಿಗಳು ಬಹುಮಟ್ಟಿಗೆ ಹಾಗೆಯೇ ಉಳಿದಿವೆ: ಮನೆಮಂದಿಯೆಲ್ಲ ಕಣದಲ್ಲಿ ಸೇರುವುದು, ಮಕ್ಕಳು ರಾಶಿಯ ಬಳಿ ಆಡುವುದು, ಸೀರೆ, ಧೋತರ, ರುಮಾಲುಗಳಲ್ಲಿ ಕೆಲಸ ಮಾಡುವುದು, ಬೆಳದಿಂಗಳಲ್ಲಿ ಇಲ್ಲವೇ ರಾತ್ರಿಯಿಡೀ ರಾಶಿ ಮಾಡುವುದು. ಎತ್ತಿನ ಕಾಲದಲ್ಲಿ ಹಾನಿ ಮಾಡದ ಈ ರೂಢಿಗಳು ಯಂತ್ರದ ಪಕ್ಕದಲ್ಲಿ ಅಪಾಯಕಾರಿಯಾಗುತ್ತವೆ.

ಅಪಾಯದ ಸ್ವರೂಪ

ಟ್ರ್ಯಾಕ್ಟರಿನ ಹಿಂಭಾಗದಲ್ಲಿ ಇತರ ಉಪಕರಣಗಳಿಗೆ ಶಕ್ತಿಯನ್ನು ಒದಗಿಸುವ ತಿರುಗುವ ದಂಡವನ್ನು ಪಿಟಿಒ ಎಂದು ಕರೆಯಲಾಗುತ್ತದೆ. ಇದರ ಸಾಮಾನ್ಯ ವೇಗ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು. ದಂಡದ ವ್ಯಾಸ ಸುಮಾರು 35 ಮಿ.ಮೀ.; ಸುತ್ತಳತೆ ಸುಮಾರು 11 ಸೆಂ.ಮೀ. ಈ ಲೆಕ್ಕದಂತೆ ದಂಡಕ್ಕೆ ಸಿಕ್ಕ ಸೆರಗು ಅಥವಾ ರುಮಾಲಿನ ತುದಿ ಒಂದು ಸೆಕೆಂಡಿನಲ್ಲಿ ಸುಮಾರು ಒಂದು ಮೀಟರಿನಷ್ಟು ಸುತ್ತಿಕೊಳ್ಳುತ್ತದೆ. ಬಟ್ಟೆ ಪದರಪದರವಾಗಿ ಸುತ್ತಿದಂತೆ ಸುತ್ತಳತೆ ಹೆಚ್ಚಿ ಎಳೆತವೂ ತೀವ್ರವಾಗುತ್ತದೆ. ಅಪಾಯವನ್ನು ಕಂಡು, ಅರಿತು, ಕೈ ಹಿಂದೆಗೆಯಲು ಮನುಷ್ಯನಿಗೆ ಸುಮಾರು ಮುಕ್ಕಾಲು ಸೆಕೆಂಡಿನಿಂದ ಒಂದು ಸೆಕೆಂಡ್ ಬೇಕಾಗುತ್ತದೆ. ದಣಿದಾಗ ಅಥವಾ ಮದ್ಯ ಸೇವಿಸಿದಾಗ ಇನ್ನೂ ಹೆಚ್ಚು. ಆದ್ದರಿಂದ ಪಕ್ಕದಲ್ಲಿ ನಿಂತವರು ಕೂಗುವ ಹೊತ್ತಿಗೆ ಬಟ್ಟೆಯ ತುದಿಯೊಂದಿಗೆ ಮೈಯೂ ಎಳೆಯಲ್ಪಟ್ಟಿರುತ್ತದೆ.

ಗಂಟೆಗೆ 20 ಕಿ.ಮೀ. ವೇಗದಲ್ಲಿ ಸಾಗುವ ಟ್ರ್ಯಾಕ್ಟರ್ ಒಂದು ಸೆಕೆಂಡಿನಲ್ಲಿ ಐದೂವರೆ ಮೀಟರ್ ಕ್ರಮಿಸುತ್ತದೆ. ಮುಂಭಾಗ ಮೇಲೆದ್ದು ಹಿಂದಕ್ಕೆ ಮಗುಚುವ ಟ್ರ್ಯಾಕ್ಟರ್ ಸುಮಾರು ಒಂದೂವರೆ ಸೆಕೆಂಡಿನಲ್ಲಿ ಪೂರ್ತಿ ಮಗುಚಿಬಿಡಬಲ್ಲದು. ಚಾಲಕ ಹಾರಿ ತಪ್ಪಿಸಿಕೊಳ್ಳಲು ಇಷ್ಟು ಸಮಯ ಸಾಲದು.

ಟ್ರ್ಯಾಕ್ಟರ್

ಉರುಳುವಿಕೆ: ಎರೆ ಮಣ್ಣು ಮಳೆಗೆ ಉಬ್ಬಿ ಅಂಟಾಗುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಹಸಿ ನೆಲದಲ್ಲಿ ಹಿಂಗಾಲಿಗಳು ಹೂತಾಗ ಅವುಗಳಿಗೆ ಮರದ ತುಂಡು ಕಟ್ಟಿ ಅಥವಾ ಅಡ್ಡ ಇಟ್ಟು ಮುಂದಕ್ಕೆ ಎಳೆಯುವುದು ವಾಡಿಕೆ. ಗಾಲಿ ತಿರುಗಲಾರದೆ ನಿಂತಾಗ ಎಂಜಿನ್ನಿನ ಬಲವು ಟ್ರ್ಯಾಕ್ಟರಿನ ಮೈಯನ್ನೇ ಹಿಂಬದಿಯ ಅಚ್ಚಿನ ಸುತ್ತ ತಿರುಗಿಸಿ ಮೂತಿಯನ್ನು ಮೇಲಕ್ಕೆತ್ತುತ್ತದೆ. ಇದರಿಂದ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ. ಹೂತ ಟ್ರ್ಯಾಕ್ಟರನ್ನು ಗಾಲಿಯ ಸುತ್ತಲಿನ ಮಣ್ಣು ತೆಗೆದು ಹಿಮ್ಮುಖವಾಗಿ ಹೊರತರಬೇಕು, ಇಲ್ಲವೇ ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸಬೇಕು. ಎಳೆಯುವ ಸರಪಳಿಯನ್ನು ಯಾವಾಗಲೂ ಕೆಳಗಿನ ಡ್ರಾಬಾರಿಗೇ ಕಟ್ಟಬೇಕು. ಅಚ್ಚಿಗೆ ಅಥವಾ ಮೇಲಿನ ಕೊಂಡಿಗೆ ಕಟ್ಟಕೂಡದು. ಬಿಗಿಯಾದ ಸರಪಳಿಯ ಹತ್ತಿರ ಯಾರೂ ನಿಲ್ಲಬಾರದು.

ಕಾಲುವೆಯ ದಂಡೆ, ಹಳ್ಳದ ಅಂಚು, ಕೃಷಿ ಹೊಂಡ ಮತ್ತು ಕಟ್ಟೆಯಿಲ್ಲದ ತೆರೆದ ಬಾವಿಗಳು ಪಕ್ಕಕ್ಕೆ ಉರುಳುವ ಅಪಘಾತಗಳಿಗೆ ಕಾರಣವಾಗುತ್ತವೆ. ತಗ್ಗು ಎಷ್ಟು ಆಳವಿದೆಯೋ ಕನಿಷ್ಠ ಅಷ್ಟು ಅಂತರವನ್ನು ಅಂಚಿನಿಂದ ಬಿಟ್ಟು ಟ್ರ್ಯಾಕ್ಟರ್ ಓಡಿಸಬೇಕೆಂಬುದು ಸಾಮಾನ್ಯ ಸೂತ್ರ. ರಸ್ತೆಯಲ್ಲಿ ಎಡ ಮತ್ತು ಬಲ ಬ್ರೇಕ್ ಪೆಡಲ್‌ಗಳನ್ನು ಒಟ್ಟಿಗೆ ಕೊಂಡಿ ಹಾಕಿರಬೇಕು. ಇಲ್ಲವಾದರೆ ಅವಸರದಲ್ಲಿ ಒಂದೇ ಬ್ರೇಕ್ ಒತ್ತಿದಾಗ ಟ್ರ್ಯಾಕ್ಟರ್ ಗಕ್ಕನೆ ಒಂದು ಬದಿಗೆ ತಿರುಗಿ ಉರುಳಬಹುದು.

ಉರುಳಿದಾಗ ಚಾಲಕನನ್ನು ಕಾಪಾಡುವ ಸಾಧನವೆಂದರೆ ಆಸನದ ಹಿಂದೆ ಅಳವಡಿಸುವ ಉಕ್ಕಿನ ರಕ್ಷಣಾ ಚೌಕಟ್ಟು. ಸ್ವೀಡನ್ ದೇಶವು 1959ರಲ್ಲಿ ಹೊಸ ಟ್ರ್ಯಾಕ್ಟರುಗಳಿಗೆ ಇದನ್ನು ಕಡ್ಡಾಯಗೊಳಿಸಿತು. ಆ ಬಳಿಕ ಅಲ್ಲಿ ಟ್ರ್ಯಾಕ್ಟರ್ ಉರುಳಿ ಸಾಯುವವರ ಪ್ರಮಾಣ ಬಹಳ ಇಳಿಯಿತು. ಚೌಕಟ್ಟು ಇರುವ ಟ್ರ್ಯಾಕ್ಟರಿನಲ್ಲಿ ಸೀಟ್ ಬೆಲ್ಟ್ ಧರಿಸಲೇಬೇಕು. ಚೌಕಟ್ಟು ಇಲ್ಲದ ಟ್ರ್ಯಾಕ್ಟರಿನಲ್ಲಿ ಬೆಲ್ಟ್ ಕಟ್ಟಿಕೊಳ್ಳಬಾರದು. ಬಿಸಿಲಿಗೆಂದು ಹಾಕಿಸುವ ತಗಡಿನ ಚಾವಣಿ ರಕ್ಷಣಾ ಚೌಕಟ್ಟಲ್ಲ.

ಪಿಟಿಒ ಮತ್ತು ರೋಟವೇಟರ್: ಪಿಟಿಒ ದಂಡದ ಮೇಲಿನ ಪ್ಲಾಸ್ಟಿಕ್ ಕವಚ ಒಡೆದರೆ ಕೂಡಲೇ ಬದಲಿಸಬೇಕು. ತಿರುಗುತ್ತಿರುವ ದಂಡವನ್ನು ದಾಟಕೂಡದು. ರೋಟವೇಟರಿನ ಅಲಗುಗಳಿಗೆ ಸಿಕ್ಕಿದ ಕಸ, ಬಳ್ಳಿ, ಹನಿ ನೀರಾವರಿಯ ಕೊಳವೆ ಬಿಡಿಸುವ ಮೊದಲು ಪಿಟಿಒ ಬಿಡಿಸಿ, ಎಂಜಿನ್ ನಿಲ್ಲಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಬೇಕು. ಎತ್ತಿ ನಿಲ್ಲಿಸಿದ ಉಪಕರಣದ ಕೆಳಗೆ ಆಧಾರ ಕೊಡದೆ ನುಸುಳಬಾರದು. ಹೈಡ್ರಾಲಿಕ್ ಒತ್ತಡ ಇಳಿದರೆ ಅದು ಕುಸಿಯುತ್ತದೆ. ನೆಲದ ಮೇಲೆ ನಿಂತು ಸ್ಟಾರ್ಟರ್ ಮೋಟಾರಿಗೆ ಸ್ಕ್ರೂಡ್ರೈವರ್ ತಾಗಿಸಿ ಎಂಜಿನ್ ಚಾಲೂ ಮಾಡುವ ಅಭ್ಯಾಸ ಪ್ರಾಣಾಂತಿಕವಾಗಬಲ್ಲದು: ಗೇರ್ ಬಿದ್ದಿದ್ದರೆ ಟ್ರ್ಯಾಕ್ಟರ್ ನಿಂತವರ ಮೇಲೆಯೇ ಹಾಯುತ್ತದೆ.

ಟ್ರೇಲರ್ ಮತ್ತು ಸಾಗಣೆ: ಕಬ್ಬು ಅರೆಯುವ ಹಂಗಾಮಿನಲ್ಲಿ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ರಾತ್ರಿಯೂ ಸಂಚರಿಸುತ್ತವೆ. ಸೋಲಾಪುರ–ವಿಜಯಪುರ ನಡುವಿನ ರಾಷ್ಟ್ರೀಯ ಹೆದ್ದಾರಿ 52, ಸಿಂದಗಿ, ವಿಜಯಪುರ, ನಿಡಗುಂದಿ ಮಾರ್ಗದ ಹೆದ್ದಾರಿ 50 ಹಾಗೂ ಊರೂರ ರಸ್ತೆಗಳಲ್ಲಿ ಇವು ವೇಗದ ವಾಹನಗಳ ನಡುವೆ ಸಾಗಬೇಕಾಗುತ್ತದೆ. ಕೊನೆಯ ಟ್ರೇಲರಿನ ಹಿಂದೆ ಕೆಂಪು ದೀಪ ಮತ್ತು ಬೆಳಕು ಪ್ರತಿಫಲಿಸುವ ಪಟ್ಟಿ ಇಲ್ಲದಿದ್ದರೆ ಹಿಂದಿನಿಂದ ಬರುವ ಬೈಕ್ ಸವಾರನಿಗೆ ಕಬ್ಬಿನ ಹೊರೆ ಕತ್ತಲಲ್ಲಿ ಕಾಣುವುದಿಲ್ಲ. ಕೆಟ್ಟು ನಿಂತ ಟ್ರೇಲರನ್ನು ರಸ್ತೆಯಿಂದ ಕೆಳಗಿಳಿಸಬೇಕು. ಗುರುತಿಗೆಂದು ಇಟ್ಟ ಕಲ್ಲುಗಳನ್ನು ಹೊರಡುವಾಗ ತೆಗೆಯಬೇಕು. ಕಣಿಕೆ ಅಥವಾ ಹೊಟ್ಟು ಹೇರಿದ ಟ್ರೇಲರ್ ವಿದ್ಯುತ್ ತಂತಿಗೆ ತಾಗದಂತೆ ಹೊರೆಯ ಎತ್ತರವನ್ನು ಮಿತಿಗೊಳಿಸಬೇಕು. ತೆನೆಯನ್ನು ಡಾಂಬರು ರಸ್ತೆಯ ಮೇಲೆ ಹರಡಿ ವಾಹನಗಳಿಂದ ತುಳಿಸುವ ಪದ್ಧತಿಯೂ ಬೈಕ್ ಸವಾರರು ಜಾರಿ ಬೀಳಲು ಕಾರಣವಾಗುತ್ತದೆ.

ಒಕ್ಕಣೆ ಯಂತ್ರ

ತೊಗರಿಯ ರಾಶಿ ಸಾಮಾನ್ಯವಾಗಿ ಡಿಸೆಂಬರ್–ಜನವರಿಯಲ್ಲೂ, ಹಿಂಗಾರಿ ಜೋಳದ ರಾಶಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೂ ನಡೆಯುತ್ತದೆ. ಬಾಡಿಗೆಯ ಯಂತ್ರ ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಹೋಗುವ ಅವಸರ, ಧೂಳು, ಬಿಸಿಲು ಮತ್ತು ನಿದ್ದೆಗೇಡು ಈ ಅವಧಿಯಲ್ಲಿ ಒಟ್ಟಿಗೆ ಸೇರುತ್ತವೆ.

ಒಕ್ಕಣೆ ಯಂತ್ರದ ಗಾಯಗಳು ಮುಖ್ಯವಾಗಿ ತೆನೆ ಉಣಿಸುವ ಬಾಯಿಯಲ್ಲಿ ಆಗುತ್ತವೆ. ಬಾಯಿ ಗಿಡ್ಡವಾಗಿದ್ದರೆ ಕೈ ನೇರವಾಗಿ ಉರುಳೆಯವರೆಗೆ ತಲುಪುತ್ತದೆ. ಇದನ್ನು ತಡೆಯಲು ಭಾರತೀಯ ಮಾನಕಗಳು ಉಣಿಸುವ ದೋಣಿ ಕನಿಷ್ಠ 90 ಸೆಂ.ಮೀ. ಉದ್ದವಿರಬೇಕೆಂದೂ, ಅದರಲ್ಲಿ ಯಂತ್ರದ ಕಡೆಯ 45 ಸೆಂ.ಮೀ. ಭಾಗ ಮೇಲ್ಮುಚ್ಚಿಗೆಯಿಂದ ಕೂಡಿರಬೇಕೆಂದೂ ಸೂಚಿಸಿವೆ. ಕೆಲಸ ಬೇಗ ಸಾಗಲೆಂದು ಈ ಮುಚ್ಚಿಗೆಯನ್ನು ಕತ್ತರಿಸಿ ತೆಗೆಸುವುದೆಂದರೆ ಉರುಳೆಗೂ ಕೈಗೂ ನಡುವಿನ ಅಂತರವನ್ನೇ ತೆಗೆದಂತೆ. ಯಂತ್ರವನ್ನು ಬಾಡಿಗೆಗೆ ಕರೆಯುವವರು ಗೇಣು ಅಥವಾ ಟೇಪಿನಿಂದ ಈ ಅಳತೆಯನ್ನು ತಾವೇ ಪರೀಕ್ಷಿಸಬಹುದು.

ಒಕ್ಕಣೆಯ ಸಮಯದಲ್ಲಿ ಪಾಲಿಸಬೇಕಾದ ಮುಖ್ಯ ಕ್ರಮಗಳು ಇವು:

- ಉಣಿಸುವವರು ಸಮತಟ್ಟಾದ ಗಟ್ಟಿ ನೆಲ ಅಥವಾ ಅಲುಗಾಡದ ವೇದಿಕೆಯ ಮೇಲೆ ನಿಲ್ಲಬೇಕು. ದೋಣಿ ಮೊಣಕೈ ಮಟ್ಟದಲ್ಲಿರಬೇಕು. ಚೀಲ ಅಥವಾ ಸಿವುಡುಗಳ ಮೇಲೆ ನಿಂತರೆ ಕಾಲು ಜಾರಿ ಯಂತ್ರದ ಬಾಯಿಗೆ ಬೀಳುವ ಭಯವಿರುತ್ತದೆ.
- ಗಿಡ್ಡ ತೆನೆಗಳನ್ನು ಕೈಯಿಂದ ಒಳಕ್ಕೆ ಒತ್ತಬಾರದು. ಉದ್ದ ಸಿವುಡಿನ ನಡುವೆ ಸೇರಿಸಿ ಅಥವಾ ಮರದ ಕೋಲಿನಿಂದ ತಳ್ಳಬೇಕು.
- ಸೆರಗನ್ನು ಸೊಂಟಕ್ಕೆ ಬಿಗಿದು ಮೇಲೊಂದು ಅಂಗಿ ತೊಡಬೇಕು. ಜಡೆಯನ್ನು ಕಟ್ಟಿ ಮುಚ್ಚಬೇಕು. ರುಮಾಲಿನ ತುದಿ ಇಳಿಬಿಡಬಾರದು. ಕೈಗಡಗ, ಸಡಿಲ ಬಳೆ, ಗಡಿಯಾರ ತೆಗೆದಿಡಬೇಕು.
- ಬೆಲ್ಟ್ ಮತ್ತು ಗಾಲಿಗಳಿಗೆ ಜಾಲರಿ ಇರಬೇಕು. ಯಂತ್ರ ಕಟ್ಟಿಕೊಂಡಾಗ ನಿಲ್ಲಿಸಿದ ನಂತರವೇ ಬಿಡಿಸಬೇಕು.
- ಉಣಿಸುವವರನ್ನು ಆಗಾಗ ಬದಲಾಯಿಸಬೇಕು. ರಾತ್ರಿ ಕೆಲಸವಿದ್ದರೆ ಯಂತ್ರದ ಬಾಯಿಗೆ ನೆರಳು ಬೀಳದಂತೆ ದೀಪ ಇಡಬೇಕು.
- ಟ್ರ್ಯಾಕ್ಟರಿನ ಹೊಗೆಕೊಳವೆಗೆ ಕಿಡಿ ತಡೆಯುವ ಜಾಲರಿ ಹಾಕಿ, ಬಣವೆಯನ್ನು ದೂರ ಇಡಬೇಕು. ಕಣದಲ್ಲಿ ಬೀಡಿ ಸೇದಕೂಡದು. ನೀರು ಮತ್ತು ಮರಳು ಸಿದ್ಧವಿರಬೇಕು.
- ಎಂಜಿನ್ ಆರಿಸಲು ಒಬ್ಬರು ಸದಾ ಹತ್ತಿರವಿರಬೇಕು. ಆರಿಸುವ ವಿಧಾನವನ್ನು ಅಲ್ಲಿರುವ ಎಲ್ಲರಿಗೂ ಮೊದಲೇ ತೋರಿಸಿಕೊಡಬೇಕು.

ಮೇವು ಕತ್ತರಿಸುವ ಯಂತ್ರ

ಜೋಳದ ಕಣಿಕೆಯನ್ನು ಕತ್ತರಿಸುವ ಯಂತ್ರ ಮನೆಯ ಹಿತ್ತಲಲ್ಲಿ ಅಥವಾ ದನದ ಕೊಟ್ಟಿಗೆಯಲ್ಲಿ ಇರುವುದರಿಂದ ಮಕ್ಕಳಿಗೆ ಸುಲಭವಾಗಿ ಸಿಗುತ್ತದೆ. ವಿದ್ಯುತ್ ನಿಲ್ಲಿಸಿದ ಮೇಲೂ ಇದರ ಭಾರವಾದ ಗಾಲಿ ಕೆಲಹೊತ್ತು ತಿರುಗುತ್ತಲೇ ಇರುತ್ತದೆ. ಗುಂಡಿ ಒತ್ತಿದ್ದೇ ತಡ ಕೈ ಹಾಕುವವರು ಬೆರಳು ಕಳೆದುಕೊಳ್ಳುತ್ತಾರೆ. ಗಾಲಿಗೆ ಮುಚ್ಚಳ, ಬೀಗ ಹಾಕುವ ಕೀಲು, ಉದ್ದನೆಯ ಉಣಿಸುವ ದೋಣಿ, ಕೈ ತಾಗಿದರೆ ಎಚ್ಚರಿಸುವ ಉರುಳೆ ಹಾಗೂ ಹಿಮ್ಮುಖ ಗೇರ್ ಇರುವ ಯಂತ್ರವನ್ನೇ ಆರಿಸಬೇಕು. ಕೆಲಸ ಮುಗಿದ ಮೇಲೆ ಗಾಲಿಗೆ ಬೀಗ ಹಾಕಿ ಮುಖ್ಯ ಸ್ವಿಚ್ ತೆಗೆಯಬೇಕು. ಕೈಯಿಂದ ತಿರುಗಿಸುವ ಯಂತ್ರಕ್ಕೂ ಬೀಗದ ನಿಯಮ ಅನ್ವಯಿಸುತ್ತದೆ.

ಪಂಪ್‌ಸೆಟ್ ಮತ್ತು ಕೊಳವೆಬಾವಿ

ಈ ಭಾಗಕ್ಕೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ (ಹೆಸ್ಕಾಂ) ವಿದ್ಯುತ್ ಒದಗಿಸುತ್ತದೆ. ಪಂಪ್‌ಸೆಟ್‌ಗಳಿಗೆ ಮೂರು ಫೇಸ್ ವಿದ್ಯುತ್ ಪಾಳಿಯ ಮೇಲೆ ದೊರೆಯುವುದರಿಂದ ರೈತರು ರಾತ್ರಿ ವೇಳೆಯೂ ಹಸಿ ನೆಲದಲ್ಲಿ ನಡೆದು ಸ್ಟಾರ್ಟರ್ ಮುಟ್ಟಬೇಕಾಗುತ್ತದೆ. ಸ್ಟಾರ್ಟರ್ ಪೆಟ್ಟಿಗೆಗೂ ಮೋಟಾರಿಗೂ ಅರ್ಥಿಂಗ್ ಮಾಡಿಸುವುದು, ಸೋರುವ ವಿದ್ಯುತ್ತನ್ನು ಗುರುತಿಸಿ ಸಂಪರ್ಕ ಕಡಿಯುವ ಸಾಧನ ಹಾಕಿಸುವುದು, ಒಣ ಕಟ್ಟಿಗೆಯ ಹಲಗೆ ಅಥವಾ ರಬ್ಬರ್ ಚಾಪೆಯ ಮೇಲೆ ನಿಲ್ಲುವುದು ಅಗತ್ಯ. ಹರಿದು ಬಿದ್ದ ತಂತಿಯನ್ನು ಮುಟ್ಟದೆ, ಜನ ಮತ್ತು ದನಗಳನ್ನು ದೂರವಿಟ್ಟು 1912 ಸಂಖ್ಯೆಗೆ ಕರೆ ಮಾಡಬೇಕು. ಕಂಬ ಹತ್ತುವುದು, ಪರಿವರ್ತಕದ ಫ್ಯೂಸ್ ಹಾಕುವುದು ಲೈನ್‌ಮನ್ ಕೆಲಸವೇ ಹೊರತು ರೈತನ ಕೆಲಸವಲ್ಲ.

2024ರ ಏಪ್ರಿಲ್ 3ರಂದು ಇಂಡಿ ತಾಲ್ಲೂಕಿನ ಲಚ್ಯಾಣ ಗ್ರಾಮದಲ್ಲಿ ಪುಟ್ಟ ಮಗುವೊಂದು ತೆರೆದ ಕೊಳವೆಬಾವಿಗೆ ಬಿದ್ದಿತ್ತು. ಪಕ್ಕದಲ್ಲಿ ಸಮಾನಾಂತರ ಗುಂಡಿ ತೋಡಿ, ಸುಮಾರು 20 ಗಂಟೆಗಳ ಕಾರ್ಯಾಚರಣೆಯ ನಂತರ ಮರುದಿನ ಮಗುವನ್ನು ಜೀವಂತವಾಗಿ ಹೊರತೆಗೆಯಲಾಯಿತು. ಇಂತಹ ಘಟನೆಗಳನ್ನು ತಡೆಯಲು ಸುಪ್ರೀಂ ಕೋರ್ಟ್ 2010ರಲ್ಲಿಯೇ ಮಾರ್ಗಸೂಚಿ ನೀಡಿತ್ತು. ಅದರಂತೆ ಕೊಳವೆಬಾವಿ ಕೊರೆಸುವ 15 ದಿನ ಮೊದಲು ಸಂಬಂಧಿತ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು. ಕೊರೆಯುವಾಗ ಸುತ್ತ ಮುಳ್ಳುತಂತಿಯ ಬೇಲಿ ಹಾಕಬೇಕು. ಕೇಸಿಂಗ್ ಕೊಳವೆಯ ಸುತ್ತ ನೆಲದ ಮೇಲೆ 0.30 ಮೀ. ಹಾಗೂ ಕೆಳಗೆ 0.30 ಮೀ. ಇರುವ ಸಿಮೆಂಟ್ ಕಟ್ಟೆ ಕಟ್ಟಬೇಕು. ಬಾಯಿಗೆ ಉಕ್ಕಿನ ಮುಚ್ಚಳ ಬೆಸೆಯಬೇಕು ಅಥವಾ ಬೋಲ್ಟ್ ಹಾಕಿ ಬಿಗಿಯಬೇಕು. ಕೈಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ತುಂಬಬೇಕು. ಮೋಟಾರನ್ನು ದುರಸ್ತಿಗೆಂದು ಮೇಲೆತ್ತಿದ ಒಂದೆರಡು ದಿನಗಳಲ್ಲಿಯೂ ಬಾಯಿ ತೆರೆದಿಡುವಂತಿಲ್ಲ.

ಮಹಿಳೆಯರು, ಮಕ್ಕಳು ಮತ್ತು ಕೂಲಿಕಾರರು

ಯಂತ್ರದ ಒಡೆಯ ಅಥವಾ ಚಾಲಕನಿಗೆ ಅದರ ಪರಿಚಯವಿರುತ್ತದೆ. ಆದರೆ ಸಿವುಡು ಉಣಿಸುವ ಮಹಿಳೆ, ದಿನಗೂಲಿಗೆ ಬಂದ ಕಾರ್ಮಿಕ, ಮಡ್‌ಗಾರ್ಡ್ ಮೇಲೆ ಕುಳಿತ ಮಗು ಇವರಿಗೆ ಯಂತ್ರವನ್ನು ನಿಲ್ಲಿಸುವುದು ಹೇಗೆಂಬುದೂ ಹಲವು ಬಾರಿ ತಿಳಿದಿರುವುದಿಲ್ಲ. ಟ್ರ್ಯಾಕ್ಟರಿನಲ್ಲಿ ಇರುವುದು ಒಂದೇ ಆಸನ, ಮಡ್‌ಗಾರ್ಡ್ ಆಸನವಲ್ಲ. ಅಲ್ಲಿಂದ ಬಿದ್ದವರು ನೇರವಾಗಿ ಹಿಂಗಾಲಿಯ ಅಥವಾ ಉಪಕರಣದ ಕೆಳಗೆ ಬೀಳುತ್ತಾರೆ. ಹಿಮ್ಮುಖವಾಗಿ ಚಲಿಸುವ ಮೊದಲು ಚಾಲಕ ಇಳಿದು ಸುತ್ತ ನೋಡಬೇಕು. ಕಣದಲ್ಲಿ ರಾಶಿಯ ಮರೆಯಲ್ಲಿ ಮಕ್ಕಳು ಮಲಗಿರುವ ಸಂಭವ ಹೆಚ್ಚು.

ಟ್ರ್ಯಾಕ್ಟರ್ ಚಾಲನಾ ಪರವಾನಗಿಗೆ ಕನಿಷ್ಠ ವಯಸ್ಸು 18 ವರ್ಷ. 1986ರ ಬಾಲಕಾರ್ಮಿಕ ಕಾಯ್ದೆಯಡಿ ಪ್ರಕಟವಾದ ಅಪಾಯಕಾರಿ ಕೆಲಸಗಳ ಪಟ್ಟಿಯಲ್ಲಿ ಟ್ರ್ಯಾಕ್ಟರ್, ಒಕ್ಕಣೆ ಮತ್ತು ಕೊಯ್ಲು ಯಂತ್ರ ಬಳಸುವ ಕೃಷಿ ಕೆಲಸಗಳೂ ಮೇವು ಕತ್ತರಿಸುವ ಕೆಲಸವೂ ಸೇರಿವೆ.

ಕಾನೂನು ಮತ್ತು ಪರಿಹಾರ

1983ರ ಅಪಾಯಕಾರಿ ಯಂತ್ರಗಳ (ನಿಯಂತ್ರಣ) ಕಾಯ್ದೆಯು ವಿದ್ಯುತ್ ಅಥವಾ ಎಂಜಿನ್ ಚಾಲಿತ ಒಕ್ಕಣೆ ಯಂತ್ರಗಳಿಂದ ಕೈಕಾಲು ಕಳೆದುಕೊಳ್ಳುವವರ ಸಮಸ್ಯೆಯನ್ನು ಗಮನದಲ್ಲಿಟ್ಟು ಸಂಸತ್ತು ರೂಪಿಸಿದ ಕಾನೂನು. ತಯಾರಕರು ಮತ್ತು ಮಾರಾಟಗಾರರ ಮೇಲೆ ಹೊಣೆಗಾರಿಕೆ ವಿಧಿಸುವುದು ಹಾಗೂ ಗಾಯ ಅಥವಾ ಮರಣ ಸಂಭವಿಸಿದಾಗ ಪರಿಹಾರ ದೊರಕಿಸುವುದು ಇದರ ಉದ್ದೇಶ. 1923ರ ನೌಕರರ ಪರಿಹಾರ ಕಾಯ್ದೆಯ ಎರಡನೆಯ ಅನುಸೂಚಿಯು ಟ್ರ್ಯಾಕ್ಟರ್ ಅಥವಾ ಯಂತ್ರಶಕ್ತಿ, ವಿದ್ಯುತ್ತಿನಿಂದ ನಡೆಯುವ ಬೇಸಾಯದಲ್ಲಿ ದುಡಿಯುವವರನ್ನೂ ಒಳಗೊಂಡಿತ್ತು. ಈ ಕಾಯ್ದೆಯ ವಿಷಯಗಳನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅಡಕಗೊಳಿಸಲಾಗಿದೆ.

ಕರ್ನಾಟಕದಲ್ಲಿ ಕೃಷಿ ಕೆಲಸದ ವೇಳೆ ಅಪಘಾತಕ್ಕೀಡಾಗುವ ರೈತರು ಮತ್ತು ಕೃಷಿ ಕಾರ್ಮಿಕರಿಗಾಗಿ ಕೃಷಿ ಮಾರಾಟ ಮಂಡಳಿಯು ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳ ಮೂಲಕ ರೈತ ಸಂಜೀವಿನಿ ಅಪಘಾತ ವಿಮಾ ಯೋಜನೆಯನ್ನು ಜಾರಿಗೆ ತಂದಿತು. ಪರಿಹಾರ ಕೋರುವವರಿಗೆ ಆಸ್ಪತ್ರೆಯ ದಾಖಲೆ ಮತ್ತು ಪೊಲೀಸ್ ದೂರಿನ ಪ್ರತಿ ಮುಖ್ಯವಾದುದರಿಂದ ಅಪಘಾತವನ್ನು ಮುಚ್ಚಿಡದೆ ಕೂಡಲೇ ವರದಿ ಮಾಡಬೇಕು.

ಮೋಟಾರು ವಾಹನಗಳ ಕಾಯ್ದೆಯಂತೆ ಟ್ರ್ಯಾಕ್ಟರಿಗೆ ಮೂರನೆಯ ವ್ಯಕ್ತಿಯ ವಿಮೆ ಕಡ್ಡಾಯ. ಆದರೆ ಟ್ರ್ಯಾಕ್ಟರ್ ಅಥವಾ ಟ್ರೇಲರ್ ಮೇಲೆ ಪ್ರಯಾಣಿಸುವವರಿಗೆ ಅದರ ರಕ್ಷಣೆ ಸಿಗುತ್ತದೆಂದು ನಂಬುವಂತಿಲ್ಲ. ಟ್ರಾಲಿಯಲ್ಲಿ ಸಾಗುತ್ತಿದ್ದ ಕಾರ್ಮಿಕನೊಬ್ಬ ಗಾಯಗೊಂಡ ಪ್ರಕರಣದಲ್ಲಿ, ಆ ಪಾಲಿಸಿಯಡಿ ವಿಮಾ ಕಂಪನಿ ಹೊಣೆಯಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2007ರಲ್ಲಿ ಅಭಿಪ್ರಾಯಪಟ್ಟಿತು. ಇಂತಹ ಸಂದರ್ಭದಲ್ಲಿ ಪರಿಹಾರದ ಭಾರ ಟ್ರ್ಯಾಕ್ಟರ್ ಮಾಲೀಕನ ಮೇಲೆ ಬೀಳಬಹುದು.

ತರಬೇತಿ

ಧಾರವಾಡ ಕೃಷಿ ವಿಶ್ವವಿದ್ಯಾಲಯದ ವ್ಯಾಪ್ತಿಯ ವಿಜಯಪುರ (ಹಿಟ್ಟಿನಹಳ್ಳಿ) ಮತ್ತು ಇಂಡಿಯ ಕೃಷಿ ವಿಜ್ಞಾನ ಕೇಂದ್ರಗಳು ಈ ಭಾಗದ ರೈತರಿಗೆ ಹತ್ತಿರದ ತರಬೇತಿ ಸಂಸ್ಥೆಗಳು. ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಗಳು ಮಧ್ಯಪ್ರದೇಶದ ಬುದ್ನಿಯಲ್ಲಿ ಹಾಗೂ ದಕ್ಷಿಣ ಭಾರತಕ್ಕಾಗಿ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಇವೆ. ಕರ್ನಾಟಕ ಸರ್ಕಾರವು 2014–15ರಿಂದ ಆರಂಭಿಸಿದ ಕೃಷಿ ಯಂತ್ರಧಾರೆ ಯೋಜನೆಯಡಿ ಹೋಬಳಿ ಮಟ್ಟದ ಕೇಂದ್ರಗಳಲ್ಲಿ ಯಂತ್ರಗಳು ಬಾಡಿಗೆಗೆ ದೊರೆಯುತ್ತವೆ. ಬಾಡಿಗೆಗೆ ಪಡೆಯುವಾಗ ಮುಚ್ಚಳಗಳು, ಪಿಟಿಒ ಕವಚ ಮತ್ತು ಬ್ರೇಕ್ ಸರಿಯಿರುವುದನ್ನು ನೋಡಿಕೊಳ್ಳಬೇಕು.

ಅಪಘಾತವಾದಾಗ

ನಾಲ್ಕೂ ತಾಲ್ಲೂಕು ಕೇಂದ್ರಗಳಿಂದ ವಿಜಯಪುರದ ದೊಡ್ಡ ಆಸ್ಪತ್ರೆಗಳು ಸುಮಾರು 40ರಿಂದ 80 ಕಿ.ಮೀ. ದೂರದಲ್ಲಿವೆ, ಹೊಲಗಳಿಂದ ಇನ್ನೂ ಹೆಚ್ಚು. ಆದ್ದರಿಂದ ಮೊದಲ ಕೆಲವು ನಿಮಿಷಗಳ ಆರೈಕೆ ನಿರ್ಣಾಯಕ.

- ಮೊದಲು ಯಂತ್ರ ಅಥವಾ ವಿದ್ಯುತ್ ನಿಲ್ಲಿಸಬೇಕು. ನಂತರ 108 ಅಥವಾ 112ಕ್ಕೆ ಕರೆ ಮಾಡಬೇಕು.
- ಕೈ ಸಿಕ್ಕಿಕೊಂಡಿದ್ದರೆ ಎಳೆಯಬಾರದು. ಯಂತ್ರವನ್ನು ಹಿಮ್ಮುಖವಾಗಿಯೂ ಚಾಲೂ ಮಾಡಬಾರದು. ಬೆಲ್ಟ್ ತೆಗೆದು, ಭಾಗಗಳನ್ನು ಬಿಚ್ಚಿ ಬಿಡಿಸಬೇಕು.
- ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಗಾಯದ ಮೇಲೆ ಬಲವಾಗಿ ಒತ್ತಿ ಹಿಡಿಯಬೇಕು. ಒತ್ತಿದರೂ ನಿಲ್ಲದೆ ಜೀವಕ್ಕೆ ಅಪಾಯವಿದ್ದರೆ ಗಾಯದ ಮೇಲ್ಭಾಗದಲ್ಲಿ ಅಗಲವಾದ ಪಟ್ಟಿ ಬಿಗಿದು, ಬಿಗಿದ ಸಮಯವನ್ನು ಬರೆದಿಡಬೇಕು. ಅರಿಸಿನ, ಸುಣ್ಣ, ಕಾಫಿ ಪುಡಿ, ಡೀಸೆಲ್ ಹಾಕಬಾರದು.
- ತುಂಡಾದ ಬೆರಳು ಅಥವಾ ಕೈಯನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ಇಡಬೇಕು. ತುಂಡನ್ನು ನೇರವಾಗಿ ಮಂಜುಗಡ್ಡೆಗೆ ತಾಗಿಸಬಾರದು. ತಂಪಾಗಿಡದ ತೋಳಿನ ಭಾಗವನ್ನು ಮರುಜೋಡಿಸುವ ಅವಕಾಶ ಸುಮಾರು 6 ಗಂಟೆಗಳಲ್ಲಿ ಕ್ಷೀಣಿಸುತ್ತದೆ.
- ವಿದ್ಯುತ್ ತಗುಲಿದವರನ್ನು ಬರಿಗೈಯಿಂದ ಮುಟ್ಟದೆ ಮುಖ್ಯ ಸ್ವಿಚ್ ತೆಗೆಯಬೇಕು. ಉಸಿರಾಟ ನಿಂತಿದ್ದರೆ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ ಒತ್ತುತ್ತಿರಬೇಕು.

ಇವನ್ನೂ ನೋಡಿ

- ವಿಜಯಪುರ ಜಿಲ್ಲೆ
- ಟ್ರ್ಯಾಕ್ಟರ್
- ಹಂತಿ ಪದಗಳು
- ಆಲಮಟ್ಟಿ ಅಣೆಕಟ್ಟು
- ಪ್ರಥಮ ಚಿಕಿತ್ಸೆ